ಆರ್ಗಾನ್ ಮುಗಿದ ಶನಿವಾರ

ಎರ್ಲೆನ್‌ಬುರ್ಗ್,
೯ ಅಕ್ಟೋಬರ್ ೧೯೯೯

ಪ್ರೀತಿಯ ವಿಲ್ಟ್ರೂಡ್,

ಹರಿದು ಹಾಕುವುದಿದ್ದರೂ ಓದಿ ಹರಿ.

ನಮ್ಮ ನಾಲ್ಕನೇ ಮಹಡಿಯ ಪ್ರಯೋಗಾಲಯದಲ್ಲಿ ಈಗಲೂ ಅದೇ ಈಥರ್ ವಾಸನೆ. ನೀನು ಅಪಸ್ವರದಲ್ಲಿ ಹಾಡುತ್ತ ಕೊಳವೆ ತೊಳೆಯುತ್ತಿದ್ದ ಕಿಟಕಿಯ ಬಳಿ ನಾನು ಕಾಫಿ ಕುಡಿಯುತ್ತೇನೆ. ಎಪ್ಪತ್ತೈದರ ಮೇ ತಿಂಗಳು ನೆನಪಿದೆಯೇ? ನಿನ್ನ ಗಾಜಿನ ಕೊಳವೆಯಲ್ಲಿ ಕಿತ್ತಳೆ ಬಣ್ಣದ ಹರಳು ಮೂಡಿತ್ತು. ಒಂದು ಟಂಗ್‌ಸ್ಟನ್ ಪರಮಾಣು, ಒಂದು ರಂಜಕದ ಪರಮಾಣು, ನಡುವೆ ಮೂರು ಬಂಧ. ನಾವ್ಯಾರೂ ಕೇಳಿಯೂ ಇರದ ಜೋಡಿ. ನಾನು ಬೆರಗಾಗಿ ಬಗ್ಗಿದರೆ ನೀನು, "ಬಾಯಿ ಮುಚ್ಚೇ ರೋಸ್ವಿತಾ, ನಿನ್ನ ಉಸಿರು ತಾಗಿದ್ರೆ ಸುಟ್ಟುಹೋಗುತ್ತೆ" ಅಂದಿದ್ದೆ.

ಪ್ರೊಫೆಸರ್ ನಂಬಲಿಲ್ಲ. ರಂಜಕ ಲೋಹದೊಡನೆ ಹಾಗೆ ಒಂಟಿಯಾಗಿ ನಿಲ್ಲುವುದಿಲ್ಲ, ಇನ್ನೊಮ್ಮೆ ಮಾಡಿ ತೋರಿಸು ಎಂದರು. ಜುಲೈನಲ್ಲಿ ನೀನು ಮತ್ತೆ ಮಾಡಿ, ಹರಳುಗಟ್ಟಲು ಇಟ್ಟು, ಅಕ್ಕನ ಮದುವೆಗೆ ಹೋದೆ. ಗಾಳಿ ಸೋಕದಂತೆ ಆರ್ಗಾನ್ ಅನಿಲ ಹರಿಯುತ್ತಲೇ ಇರಬೇಕಿತ್ತು. ಶನಿವಾರ ಮಧ್ಯಾಹ್ನ ಸಿಲಿಂಡರ್ ಬದಲಿಸು ಎಂದು ನನಗೆ ಹೇಳಿದ್ದೆ.

ನಾನು ಬದಲಿಸಲಿಲ್ಲ. ಸೆಕೆ ತಡೆಯಲಾರದೆ ನದಿಗೆ ಈಜಲು ಹೋದೆ. ಬಂದು ನೋಡಿದರೆ ಸಿಲಿಂಡರ್ ಖಾಲಿ, ಕೊಳವೆಯಲ್ಲಿ ಕಂದು ಕೆಸರು. ಹೊಸ ಸಿಲಿಂಡರ್ ಜೋಡಿಸಿ ಸುಮ್ಮನಾದೆ. ಸೋಮವಾರ ನೀನು, "ನನ್ನ ಕೈಯೇ ಸರಿಯಿಲ್ಲ ಕಣೇ" ಎಂದು ಅತ್ತಾಗ ನಾನು ನಿನ್ನ ಬೆನ್ನು ಸವರಿದೆ. ನಿನ್ನ ಕೈ ಸರಿಯಾಗಿಯೇ ಇದೆ ಎನ್ನಲಿಲ್ಲ. ಪ್ರೊಫೆಸರ್ ನಿನ್ನ ಪ್ರಬಂಧದಿಂದ ಆ ಅಧ್ಯಾಯವನ್ನೇ ಹೊಡೆದುಹಾಕಿದರು. ನೀನು ಸಂಶೋಧನೆ ಬಿಟ್ಟು ಔಷಧಿ ಅಂಗಡಿ ಸೇರಿದೆ. ನಾನು ಇಲ್ಲೇ ಉಳಿದೆ.

ಕಳೆದ ಮಂಗಳವಾರ ಫ್ರೀಡೆರಿಕೆ ಎಂಬ ವಿದ್ಯಾರ್ಥಿನಿಗೆ ಅದೇ ಹರಳು ಸಿಕ್ಕಿತು. ಎಕ್ಸ್-ಕಿರಣದಿಂದ ಅಳೆದರೆ ಎರಡು ಪರಮಾಣುಗಳ ಅಂತರ ಮೂರು ಬಂಧಕ್ಕೆ ತಕ್ಕಷ್ಟೇ ಕಿರಿದು. ನಿನ್ನ ಹಳೆಯ ನೋಟ್‌ಬುಕ್ ತೆಗೆದು ಅವಳಿಗೆ ತೋರಿಸಿದೆ. ಈಜಿನ ಕಥೆಯನ್ನೂ ಹೇಳಿದೆ. ಅವಳು ನೋಟ್‌ಬುಕ್ ಮುಚ್ಚಿದಳು. ಆಮೇಲೆ, "ಇದನ್ನ ಮೊದಲು ಅವರಿಗೆ ಹೇಳ್ಬೇಕಿತ್ತು ನೀವು" ಅಂದಳು. ಇದನ್ನು ಮೊದಲು ಕಂಡವಳು ನೀನೆಂದು ತನ್ನ ಲೇಖನದಲ್ಲಿ ಬರೆಯುತ್ತಾಳಂತೆ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ನನಗೆ ಬರೆಯಲು ಮನಸ್ಸಿಲ್ಲದಿದ್ದರೆ ಅವಳಿಗಾದರೂ ಒಂದು ಸಾಲು ಬರೆ.

ಇಂದಿಗೂ ನಿನ್ನವಳೇ,
ರೋಸ್ವಿತಾ

ಮತ್ತೊಂದು ಮಾತು: ನಿನ್ನ ವಿಳಾಸವನ್ನು ನಾನು ಹುಡುಕಬೇಕಾಗಲಿಲ್ಲ. ಎರಡು ಸಲ ನಿನ್ನ ಅಂಗಡಿಯ ಸಾಲಿನಲ್ಲಿ ನಿಂತಿದ್ದೇನೆ. ಮೊದಲ ಸಲ ನನ್ನ ಸರದಿ ಬರುವ ಮುಂಚೆಯೇ ಹೊರಟುಬಂದೆ. ಎರಡನೆಯ ಸಲ ನೀನು ನನ್ನನ್ನೇ ನೋಡಿ, ಗುರುತು ಹತ್ತದೆ, ಏನು ಬೇಕೆಂದು ಕೇಳಿದೆ. ತಲೆನೋವಿನ ಮಾತ್ರೆ ಎಂದೆ.