ಎಡ ಯಾವುದು

ಅಪ್ಪಾ,

ನೀನು ಆರು ವರ್ಷ ಕೂತು ರಿಪೇರಿ ಮಾಡಿದ ಹಳೇ ಸ್ಪೋರ್ಟ್ಸ್ ಕಾರಿನ ಬಾಗಿಲಿನ ಲೋಹದ ಪಟ್ಟಿ ಇವತ್ತು ನನ್ನ ಕೈಯಲ್ಲೇ ಹಾಳಾಯಿತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ.

ಕಾರಿನ ಎಡ ಯಾವುದು ಅಂತ ತಾನೇ ನಾವು ಮಾತು ಬಿಟ್ಟಿದ್ದು? ಕಾರಿನ ಎದುರು ನಿಂತವರ ಎಡವೇ ಎಡ ಅಂತ ನೀನು. ಸೀಟಿನಲ್ಲಿ ಕೂತವರ ಎಡ ಅಂತ ನಾನು. "ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನನಗೆ ಎಡಬಲ ಕಲಿಸ್ತೀಯೇನೇ, ಎಡವಟ್ಟು!" ಅಂದೆ ನೀನು. ಶೆಡ್ಡಿನವರೆಲ್ಲ ನಕ್ಕರು. ನಾನು ಸ್ಪ್ಯಾನರ್ ಕೆಳಗಿಟ್ಟು ಬೇರೆ ಶೆಡ್ಡಿಗೆ ಹೋದೆ. ನೀನು ಆಸ್ಪತ್ರೆ ಸೇರಿದಾಗಲೂ, ನೀನೇ ಕರೆಯಲಿ ಅಂತ ಕಾದೆ. ಕರೆಯದೇ ನೀನು ಕಣ್ಮುಚ್ಚಿದೆ.

ನೀನು ಕಾಗದ ಸುತ್ತಿ 'ಎಡ', 'ಬಲ' ಅಂತ ಬರೆದಿಟ್ಟಿದ್ದ ಪಟ್ಟಿಗಳನ್ನು ಇವತ್ತು ನಿನ್ನ ಶೆಡ್ಡಿಗೆ ಮರಳಿ ಬಂದು ಬಿಚ್ಚಿದೆ. ಬರೆದವನು ನೀನು, ಹಾಗಾಗಿ ನಿನ್ನ ಎಡಕ್ಕೇ ಹಿಡಿದೆ. ತೂತುಗಳು ಕೂಡಲಿಲ್ಲ. ಈ ಸಲವಾದರೂ ನಿನ್ನ ಮಾತು ಕೇಳೋಣ ಅಂತ ಬಲವಾಗಿ ಒತ್ತಿದೆ. ಪಟ್ಟಿ ನಡುವೆ ಮಡಚಿಹೋಯಿತು.

ಪೇಂಟರ್ ಮಾಮ ಓಡಿ ಬಂದ. "ಅಯ್ಯೋ, ಅದಲುಬದಲು ಹಿಡಿದಿದ್ದೀಯಲ್ಲೇ! ನಿಮ್ಮಪ್ಪ ಕೊನೆಕೊನೆಗೆ ಸೀಟಿನಲ್ಲಿ ಕೂತು ನೋಡಿ ಬರೀತಿದ್ದ. 'ನಾಳೆ ಕೂರಿಸೋಳು ಅವಳೇ, ಅವಳ ಎಡವೇ ಇರಲಿ' ಅಂತಿದ್ದ."

ನಾನು ಸೀಟಿನಲ್ಲಿ ಕೂತು ನೋಡಿದೆ. ಆಮೇಲೆ ಬಲದ ಪಟ್ಟಿ ಒಂದೇ ಸಲಕ್ಕೆ ಕೂತಿತು. ಎಡಗಡೆ ಬರೀ ತೂತುಗಳಿವೆ, ಅಪ್ಪಾ.

ನಿನ್ನ
ಎಡವಟ್ಟು