ಆರು ವರ್ಷ ಎಲ್ಲಿದ್ದೆ

ಅಕ್ಕಾ,

ಕೆಲಸ ಸಿಕ್ಕಿತು. ಶಾಲೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸಿಡುವುದು. ಪಿಎಚ್‌ಡಿ ಆದವರು ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಬಾಗಿಲಲ್ಲೇ ವಾಪಸು ಕಳಿಸುತ್ತಾರಂತೆ. ಅದಕ್ಕೇ ಅರ್ಜಿಯಲ್ಲಿ ಅದನ್ನು ಬರೆಯಲೇ ಇಲ್ಲ. ಸಂದರ್ಶನಕ್ಕೆ ಕಾಯುವಾಗ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನು ಹೋದ ವರ್ಷ ವಿಚಾರ ಸಂಕಿರಣದಲ್ಲಿ ನನ್ನ ಜೊತೆ ಪ್ರಬಂಧ ಓದಿದವನು. ಇಬ್ಬರೂ ಗುರುತಿಲ್ಲದವರ ಹಾಗೆ ಗೋಡೆ ನೋಡುತ್ತ ಕೂತೆವು.

ಒಳಗೆ ಹೆಡ್‌ಮಿಸ್, “ಎಂಎಸ್ಸಿ ಆದ್ಮೇಲೆ ಆರು ವರ್ಷ ಏನ್ಮಾಡ್ತಿದ್ರಿ?” ಎಂದರು. ಥಟ್ಟನೆ ಬಾಯಿಗೆ ಬಂದದ್ದು, “ಅಮ್ಮ ಹಾಸಿಗೆ ಹಿಡಿದಿದ್ರು. ತೀರ್ಕೊಳ್ಳೋ ತನಕ ಮನೇಲಿದ್ದು ನೋಡ್ಕೊಂಡೆ.” ಮಗ್ಗುಲು ಹೊರಳಿಸುವುದು, ಗಂಜಿ ಕುಡಿಸುವುದು, ನೀನು ಫೋನಿನಲ್ಲಿ ಹೇಳುತ್ತಿದ್ದುದನ್ನೆಲ್ಲ ಒಪ್ಪಿಸಿದೆ. ಅವರ ಕಣ್ಣು ತುಂಬಿತು. “ಇಂಥ ಮಕ್ಕಳು ಈಗೆಲ್ಲಿದಾರೆ!” ಎಂದು ಅಲ್ಲೇ ಸಹಿ ಹಾಕಿದರು.

ಸಂಬಳ ಪಿಎಚ್‌ಡಿ ಮಾಡುವಾಗ ಬರುತ್ತಿದ್ದ ಸ್ಟೈಪೆಂಡಿಗಿಂತ ಕಡಿಮೆ. ಕೆಮ್ಮು ವಾಸಿಯಾಗಿದೆ, ಯೋಚನೆ ಮಾಡಬೇಡ.

ಹೊರಡುವಾಗ ಅವರು ಮೆಲ್ಲಗೆ, “ಕೊನೇ ದಿನ ಅಮ್ಮ ಏನಾದ್ರೂ ಹೇಳಿದ್ರಾ?” ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅಳುತ್ತಿದ್ದೇನೆ ಎಂದುಕೊಂಡು ಬೆನ್ನು ತಟ್ಟಿ ಕಳಿಸಿದರು. ನಿಜವಾಗಿ ನನಗೆ ಗೊತ್ತಿರಲಿಲ್ಲ. ನಿನ್ನನ್ನು ಒಂದು ದಿನವೂ ಕೇಳಲಿಲ್ಲವಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಅಮ್ಮ ಏನಂದಳು, ಅಕ್ಕಾ?

ನಿನ್ನ ತಮ್ಮ