ಹನ್ನೊಂದು ಖಾನೆಯ ಟೂಲ್ ಪೆಟ್ಟಿಗೆ

ಗ್ಯಾರೇಜಿನಿಂದ,
ಭಾನುವಾರ, ೧೪ನೇ ತಾರೀಖು, ಬೆಳಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಬಸ್ ಬುಕಿಂಗ್ ಕೌಂಟರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುವುದು ನಿನ್ನ ಮೈಗೆ ಹೊಸದು. ಕುರ್ಚಿ ಒಂದು ಕಡೆ ವಾಲುತ್ತದೆ ಎಂದು ಬರೆದಿದ್ದೆ. ಸೀಟಿನ ಅಡಿಯಲ್ಲಿ ನಾಲ್ಕು ಬೋಲ್ಟ್ ಇರುತ್ತವೆ, ಅದರಲ್ಲಿ ಒಂದು ಸಡಿಲವಾಗಿರಬೇಕು. ಎರಡು ನಿಮಿಷದ ಕೆಲಸ. ಆದರೆ ಇನ್ನು ಪಾನಾ ಮುಟ್ಟುವುದಿಲ್ಲ ಎಂದು ಕೂತವಳಿಗೆ ನಾನು ಹೇಗೆ ಹೇಳಲಿ? ನಾನು ಚೆನ್ನಾಗಿದ್ದೇನೆ. ಕಾರಿನ ಅಡಿ ಕೆಲಸ ಮಾಡುವ ಗುಂಡಿಗೆ ಇಳಿಯುವಾಗ ಮಂಡಿ ಕಿರ್ ಎನ್ನುತ್ತದೆ, ಅಷ್ಟೇ. ನಮ್ಮ ಪಿಸ್ಟನ್ ಗೊತ್ತಲ್ಲ, "ಯಜಮಾನ್ರೇ, ಮಂಡಿ ಬುಷ್ ಸವೆದುಹೋಗಿದೆ, ಒಂದು ಸಲ ಬಿಚ್ಚಿ ನೋಡೋಣ್ವಾ?" ಎಂದು ಬಂದವರ ಮುಂದೆಲ್ಲ ಹೇಳುತ್ತಾನೆ. ಹದಿನೆಂಟು ವರ್ಷ ನನ್ನ ಹತ್ತಿರ ಕೆಲಸ ಮಾಡಿದವನು, ಬೈಯುವ ಹಾಗೂ ಇಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಬರುವ ಒಂದನೇ ತಾರೀಖಿಗೆ ಕೌಂಟರಿನ ಕೆಲಸ ಕಾಯಂ ಆಗುತ್ತದೆ, ಸಹಿ ಹಾಕುತ್ತೇನೆ, ನನ್ನ ಸಾಮಾನನ್ನೆಲ್ಲ ಪಿಸ್ಟನಣ್ಣನಿಗೆ ಕೊಟ್ಟುಬಿಡಿ ಎಂದು ಬರೆದಿದ್ದೀಯ. ಕೊನೆಯಲ್ಲಿ, "ಮೇಷ್ಟ್ರ ಕೈ ಮುರಿದ ಮೇಲೆ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಅಪ್ಪಾ" ಎಂದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಡೆದದ್ದು ನಡೆದ ಹಾಗೆ ಹೇಳುವುದಾದರೆ ಇಷ್ಟು: ಮೇಷ್ಟ್ರ ಕಾರಿನ ಮುಂದಿನ ಎಡಗಡೆ ಬ್ರೇಕಿನ ಕೆಲಸ ಮಾಡಿದವಳು ನೀನು, ಚಕ್ರ ತೊಡಿಸಿ ನಟ್ಟು ಬಿಗಿ ಮಾಡಿದವಳೂ ನೀನು. ನಾಲ್ಕನೇ ದಿನ ತಿರುವಿನಲ್ಲಿ ಚಕ್ರ ಕಳಚಿ, ಕಾರು ಮೋರಿಗೆ ಹೊಡೆದು, ಅವರ ಬಲಗೈ ಎರಡು ಕಡೆ ಮುರಿಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಈಗ ಪಟ್ಟಿ ಬಿಚ್ಚಿದ್ದಾರೆ, ಆದರೆ ಬೆರಳು ಇನ್ನೂ ಸರಿಯಾಗಿ ಮಡಚುವುದಿಲ್ಲ, ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾರಂತೆ. ಅವತ್ತು ನಾನು ಎಲ್ಲರೆದುರಿಗೆ, "ಆ ಟಕ್ ಅನ್ನೋ ಪಾನಾ ನಂಬ್ಕೊಂಡು ಕೈಯಲ್ಲಿ ಬಿಗಿ ನೋಡೋದೇ ಮರೆತಿದ್ದೀಯ, ಇಂಥವರಿಗೆ ಗ್ಯಾರೇಜ್ ಯಾಕೆ" ಎಂದೆ. ನೀನು ಕೈ ಒರೆಸಿಕೊಂಡು ಹೊರಗೆ ಹೋದೆ. ಅದಾದ ಮೇಲೆ ಈ ಬಾಗಿಲ ಒಳಗೆ ಬಂದಿಲ್ಲ.

ಇರಲಿ. ಇಲ್ಲಿಯ ಸಮಾಚಾರಕ್ಕೆ ಬರುತ್ತೇನೆ. ನಮ್ಮ ಹಳೆಯ ಮರದ ಪೆಟ್ಟಿಗೆಯ ತಳ ಹೋಯಿತು. ಹೋದ ವಾರ ಪಿಸ್ಟನ್ ಅದನ್ನು ಎಳೆಯುತ್ತಿದ್ದಾಗ ಗೆದ್ದಲು ತಿಂದ ಹಲಗೆ ಮುರಿದು, ಪಾನಾದ ಸಾಕೆಟ್ಟುಗಳೆಲ್ಲ ನೆಲದ ತುಂಬ ಉರುಳಿದವು. ಹತ್ತೊಂಬತ್ತನೇ ನಂಬರಿನದು ಇನ್ನೂ ಸಿಕ್ಕಿಲ್ಲ. ಇನ್ನು ಎಣ್ಣೆ ಡಬ್ಬ ಕತ್ತರಿಸಿ ಅದರಲ್ಲಿ ಪಾನಾ ತುಂಬಿಡುವ ಸಂಸಾರ ಸಾಕು ಎಂದು ತೀರ್ಮಾನಿಸಿ, ಉಕ್ಕಿನ ದೊಡ್ಡ ಪೆಟ್ಟಿಗೆಯನ್ನೇ ತರೋಣ ಎಂದು ಹೊರಟೆ. ಮೂರು ವರ್ಷದಿಂದ ನೀನು ಇದನ್ನೇ ಹೇಳುತ್ತಿದ್ದೆ. "ಗೋಣಿಚೀಲದಲ್ಲಿ ಆಲೂಗಡ್ಡೆ ಹುಡುಕಿದ ಹಾಗೆ ಪಾನಾ ಹುಡುಕ್ತೀವಲ್ಲಪ್ಪಾ" ಎನ್ನುತ್ತಿದ್ದೆ. ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿಯವನು ವಿಚಿತ್ರ ಮನುಷ್ಯ. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಇರುತ್ತಾನೆ, ಅದಕ್ಕೆ ಎಲ್ಲರೂ ಅವನನ್ನು ಟೇಪಣ್ಣ ಎನ್ನುತ್ತಾರೆ. ಬಣ್ಣ ನೋಡಿ ಪೆಟ್ಟಿಗೆ ಕೊಳ್ಳುವವರನ್ನು ಕಂಡರೆ ಅವನಿಗೆ ಆಗುವುದಿಲ್ಲ. ಮೂರು ತೋರಿಸಿದ. ಒಂದು ಆಳೆತ್ತರದ್ದು, ಹದಿಮೂರು ಖಾನೆ. ನೋಡಲು ಚೆಂದ, ಆದರೆ ಮೇಲಿನ ಖಾನೆಯೊಳಗೆ ಏನಿದೆ ಎಂದು ನೋಡಲು ಸ್ಟೂಲು ಬೇಕು. ಎರಡನೆಯದು ಹಗುರ, ಬೆಲೆಯೂ ಕಡಿಮೆ; ನಾನು ಒಂದು ಖಾನೆಯಲ್ಲಿ ದೊಡ್ಡ ಸುತ್ತಿಗೆ ಇಟ್ಟು ಪೂರ್ತಿ ಎಳೆದೆ, ತಗಡು ಹೊಟ್ಟೆ ಬಿಟ್ಟಿತು. ಮೂರನೆಯದು ಸೊಂಟದ ಎತ್ತರ, ಅಗಲ ಜಾಸ್ತಿ, ಹನ್ನೊಂದು ಖಾನೆ, ಮೇಲೆ ದಪ್ಪ ಮರದ ಹಲಗೆ. ಗೇರ್‌ಬಾಕ್ಸ್ ಅಲ್ಲೇ ಇಟ್ಟು ಬಿಚ್ಚಬಹುದು. ಖಾನೆ ಬೇರಿಂಗ್ ಗುಂಡುಗಳ ಮೇಲೆ ಓಡುತ್ತದೆ, ತುಂಬಿದ್ದರೂ ಒಂದು ಬೆರಳಿಗೆ ಬರುತ್ತದೆ. ಒಂದು ತೆರೆದಿದ್ದರೆ ಇನ್ನೊಂದು ತೆರೆಯುವುದಿಲ್ಲ. ನನಗೆ ಅದು ಪೀಕಲಾಟ ಅನ್ನಿಸಿತು. ಟೇಪಣ್ಣ ನಕ್ಕು, "ಎಲ್ಲಾ ಖಾನೆ ಒಟ್ಟಿಗೆ ಎಳೆದ್ರೆ ಪೆಟ್ಟಿಗೆ ನಿಮ್ಮ ಮೇಲೇ ಮಗುಚುತ್ತೆ ಯಜಮಾನ್ರೇ, ಆಮೇಲೆ ನಿಮ್ಮನ್ನ ಎತ್ತೋಕೆ ಜಾಕ್ ಬೇಕು" ಎಂದ. ಅವನು ಹೇಳಿದ್ದು ಸರಿ. ನಮ್ಮ ನೆಲ ಮೋರಿಯ ಕಡೆಗೆ ಇಳಿಜಾರು, ಆದ್ದರಿಂದ ನಾಲ್ಕು ಚಕ್ರಕ್ಕೂ ಬ್ರೇಕ್ ಇರುವುದನ್ನೇ ಆರಿಸಿದೆ.

ಪೆಟ್ಟಿಗೆ ಗುರುವಾರ ಬಂತು. ಟೇಪಣ್ಣನೂ ಜೊತೆಗೇ ಬಂದ. ಖಾನೆಯೊಳಗೆ ಕಪ್ಪು ಸ್ಪಂಜಿನ ಹಾಳೆ ಹಾಸಿ, ಒಂದೊಂದು ಪಾನಾದ ಆಕಾರಕ್ಕೆ ಅದನ್ನು ಕೊರೆದು ಕೊಡುವುದು ಅವನ ಪದ್ಧತಿ. ಸಂಜೆ ಬಾಗಿಲು ಹಾಕುವಾಗ ಯಾವ ಗುಳಿ ಖಾಲಿ ಇದೆಯೋ ಆ ಸಾಮಾನು ಯಾವುದೋ ಕಾರಿನೊಳಗೆ ಉಳಿದಿದೆ ಎಂದು ಅರ್ಥ. ಅದಕ್ಕಾಗಿ ಗ್ಯಾರೇಜಿನ ಅಷ್ಟೂ ಸಾಮಾನನ್ನು ಟಾರ್ಪಾಲಿನ ಮೇಲೆ ಸಾಲಾಗಿ ಜೋಡಿಸಿದೆವು. "ಯಾರ್ಯಾರಿಗೆ ಎಷ್ಟೆಷ್ಟು ಖಾನೆ?" ಎಂದು ಅವನು ಕೇಳಿದ. ಮೇಲಿನ ಮೂರು ಮಗಳಿಗೆ ಎಂದೆ. ಪಿಸ್ಟನ್ ನನ್ನ ಮುಖ ನೋಡಿ ಮೆತ್ತಗೆ, "ಬರ್ತಾಳಾ ಯಜಮಾನ್ರೇ?" ಎಂದ. ನಿನ್ನ ಸಾಮಾನು ಅವನಿಗೆ ಕೊಡಬೇಕೆಂದು ನೀನು ಬರೆದಿದ್ದನ್ನು ಹೇಳಿದೆ. "ಅವಳು ಗುರುತಿಗೆ ಹಳದಿ ಪಟ್ಟಿ ಸುತ್ತಿರೋ ಸಾಮಾನನ್ನ ನಾನು ಮುಟ್ಟಲ್ಲ. ಕೊಡೋದಾದ್ರೆ ಅವಳೇ ಬಂದು ಕೈಯಾರೆ ಕೊಡಲಿ" ಎಂದು ಚಹಾಕ್ಕೆ ಎದ್ದುಹೋದ.

ಈಗ ಮುಖ್ಯ ವಿಷಯ. ನಿನ್ನ ಟಾರ್ಕ್ ಪಾನಾಕ್ಕೆ ಗುಳಿ ಕೊರೆಯಲು ಟೇಪಣ್ಣ ಕೈಗೆತ್ತಿಕೊಂಡ. ಅದರ ಹಿಡಿಯನ್ನು ತಿರುಗಿಸಿ ನೋಡಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ತನ್ನ ಗಾಡಿಯಿಂದ ಬಿಗಿ ಅಳೆಯುವ ಒಂದು ಮಾಪಕ ತಂದ. ಹೇಳಿದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನಬೇಕಾದ ಪಾನಾ ಅದು. ನೂರಹತ್ತಕ್ಕೆ ಇಟ್ಟರೆ ಎಪ್ಪತ್ತಕ್ಕೇ ಟಕ್ ಎಂದಿತು. ಐದು ಸಲ ನೋಡಿದ, ಐದು ಸಲವೂ ಎಪ್ಪತ್ತರ ಆಸುಪಾಸು. ಅಂದರೆ ಅವತ್ತು ನೀನು ಐದು ನಟ್ಟನ್ನೂ ಕ್ರಮವಾಗಿಯೇ, ಹೇಳಿದಷ್ಟಕ್ಕೇ ಬಿಗಿ ಮಾಡಿದ್ದೀಯ. ಪಾನಾ ಸುಳ್ಳು ಹೇಳಿದೆ. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ ಮಗಳೇ. ಇದನ್ನು ಟೇಪಣ್ಣನ ಕೈಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡಿದ್ದೇನೆ, ಈ ಕಾಗದದ ಜೊತೆ ಇಟ್ಟಿದ್ದೇನೆ. ಯಂತ್ರ ಎಂದ ಮೇಲೆ ಯಾವಾಗಲೋ ಕೆಡುತ್ತದೆ. ಅದಕ್ಕೆ ಯಾರೇನು ಮಾಡಲು ಸಾಧ್ಯ?

ಹೊಟ್ಟೆಗೆ ಸರಿಯಾಗಿ ತಿನ್ನು. ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ನಿಮ್ಮಮ್ಮ ನಿನಗೆ ಎರಡು ದಪ್ಪ ಹೊದಿಕೆ ಎತ್ತಿಟ್ಟಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇವೆ. ಪಿಸ್ಟನ್ ಕೇಳಿದನೆಂದು ಬರೆಯಲು ಹೇಳಿದ್ದಾನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮನೆಗೆ ಬಂದು ಮೇಲೆ ಬರೆದದ್ದನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. "ತಾನಾಗೇ ಕೆಟ್ಟಿತಾ ಅದು?" ಎಂದು ಒಂದೇ ಮಾತು ಕೇಳಿದಳು. ತಾನಾಗಿ ಕೆಡಲಿಲ್ಲ. ಮೇಷ್ಟ್ರ ಕಾರು ಬರುವುದಕ್ಕೆ ಎರಡು ದಿನ ಮುಂಚೆ, ನೀನು ಇಲ್ಲದಾಗ, ಒಂದು ಲಾರಿಯ ತುಕ್ಕು ಹಿಡಿದ ನಟ್ಟು ಬಿಚ್ಚಲು ನಿನ್ನ ಪಾನಾ ತೆಗೆದುಕೊಂಡೆ. ಅದರಿಂದ ಯಾವತ್ತೂ ಬಿಚ್ಚಬಾರದು, ಬಿಗಿ ಮಾಡುವುದಕ್ಕೆ ಮಾತ್ರ ಎಂದು ನೀನು ನೂರು ಸಲ ಹೇಳಿದ್ದೆ. ಸಾಲದ್ದಕ್ಕೆ ಹಿಡಿಗೆ ಉದ್ದ ಪೈಪು ಸಿಕ್ಕಿಸಿ ಮೈಭಾರ ಹಾಕಿ ತುಳಿದೆ. ಜಾರಿ ಗುಂಡಿಯ ತಳಕ್ಕೆ ಬಿತ್ತು. ಒರೆಸಿ ನಿನ್ನ ಜಾಗದಲ್ಲೇ ಇಟ್ಟೆ. ಮೇಷ್ಟ್ರ ಚಕ್ರ ತೊಡಿಸುವಾಗ ನೀನು, "ಅಪ್ಪಾ, ಇದು ಯಾಕೋ ಬೇಗ ಟಕ್ ಅಂತಿದೆ, ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದ್ದೆ. ನಾನು ಪೇಪರಿನಿಂದ ತಲೆ ಎತ್ತದೆ ಇಲ್ಲ ಎಂದೆ. ಮಗಳ ಮುಂದೆ ತಪ್ಪು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಯಿತು, ಬೇರೆ ಕಾರಣವಿಲ್ಲ. ನೀನು ನನ್ನ ಮಾತು ನಂಬಿದೆ. ಚಕ್ರ ಕಳಚಿದ ಸುದ್ದಿ ಬಂದ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು, ಆದರೂ ನಿನ್ನನ್ನು ಎಲ್ಲರೆದುರಿಗೆ ಬೈದೆ. ನಾಳೆ ಬೆಳಗ್ಗೆ ಮೊದಲು ಮೇಷ್ಟ್ರ ಮನೆಗೆ ಹೋಗಿ ಹೇಳುತ್ತೇನೆ, ಆಮೇಲೆ ಗ್ಯಾರೇಜಿನವರಿಗೆ. ಕೌಂಟರಿನ ಕೆಲಸ ಇಷ್ಟವಾಗಿದ್ದರೆ ಒಂದನೇ ತಾರೀಖು ಸಹಿ ಹಾಕು, ನಾನು ಬೇಡ ಎನ್ನುವುದಿಲ್ಲ. ನಿನ್ನ ಕೈ ಸರಿಯಿಲ್ಲ ಅಂದುಕೊಂಡು ಮಾತ್ರ ಹಾಕಬೇಡ. ಇನ್ನು ಬರೆಯಲು ಬಿಡುತ್ತಿಲ್ಲ, ನಿಮ್ಮಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ನನ್ನ ಕೈಗೆ ಕೊಟ್ಟರೆ ದಾರಿಯಲ್ಲಿ ಹರಿದುಹಾಕುತ್ತೇನಂತೆ, ಅವಳೇ ಅಂಚೆ ಡಬ್ಬಿಗೆ ಹಾಕಿ ಬರುತ್ತಾಳಂತೆ.